ಮೊದಲು ಬಂದೂಕು, ಆಮ್ಯಾಲೆ ನಾನು

ನಮ್ಮ ಚಾಳಿನ ಕೊನೆಯ ಖೋಲಿಯ ಗೋಡೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ನಿಂತ ಮನುಷ್ಯನ ಎದೆಮಟ್ಟದ ಎತ್ತರ, ಗೇಣಿಗಿಂತ ತುಸು ಹೆಚ್ಚು ಅಗಲ. ಈಗ ಅದರಲ್ಲಿ ಮನೆಯವರ ಕೊಡೆಗಳು, ಸುತ್ತಿಟ್ಟ ಒಂದು ಚಾಪೆ, ಎರಡು ಪೊರಕೆ ಇವೆ. ಹೊಸದಾಗಿ ಬಂದವರು, "ಇಷ್ಟು ಗಟ್ಟಿ ಕಪಾಟು ಕೊಡೆ ಇಡೋದಕ್ಕಾ?" ಎಂದು ನಗುತ್ತಾರೆ. ಅದನ್ನು ಮಾಡಿದವನು ನಾನು. ಥಾಣೆ ಪಕ್ಕದ ಈ ಕಳವಾ ಊರಿನ ಯಾವ ಗಲ್ಲಿಗೆ ಹೋದರೂ ನನ್ನ ಕೈಯ ಒಂದು ಗ್ರಿಲ್ಲೋ ಗೇಟೋ ಸಿಗುತ್ತದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ವೆಲ್ಡಿಂಗ್ ಹಿಡಿದವನು, ಇವತ್ತಿಗೂ ನನ್ನ ಜೋಡಣೆ ಬಿಚ್ಚಿತು ಎಂದು ಯಾರೂ ಅಂಗಡಿಗೆ ಬಂದಿಲ್ಲ. ಆದರೆ ಈ ಪೆಟ್ಟಿಗೆಯನ್ನು ಮಾತ್ರ ಮೂರು ಸಲ ಮಾಡಬೇಕಾಯಿತು. ಎರಡು ಸಲ ವಾಪಸು ಕಳಿಸಿದವರು ಆ ಖೋಲಿಯ ಕಾಕು.

ಕಾಕು ಈ ವರ್ಷ ಯುಗಾದಿಗೆ ಮುಂಚೆ ತೀರಿಕೊಂಡರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ತನ್ನ ಹೆಸರು ಎಲ್ಲೋ ಬರೆದಿದೆ ಎಂದರೆ ಸಾಕು, "ಯಾಕ? ಯಾರು ಬರಿ ಅಂದ್ರು?" ಎಂದು ಜಗಳಕ್ಕೇ ನಿಲ್ಲುವ ಹೆಂಗಸು. ಕಾಕು, ಅಂದರೆ ಚಿಕ್ಕಮ್ಮ, ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಅಷ್ಟು ಸಾಕು.

ವಿಜಯಪುರದ ಕಡೆಯವರು, ನಾವೂ ಅಲ್ಲಿಯವರೇ. ಗಿಡ್ಡ ಆಳು, ಅಗಲವಾದ ಅಂಗೈ. ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಕೈಯನ್ನು ನೋಡುತ್ತಿದ್ದರು. ಅಂಗಡಿಯವನು ತೂಕ ಮಾಡುವಾಗಲೂ ಹಾಗೆ, ಸೊಸೆ ರೊಟ್ಟಿ ಬಡಿಯುವಾಗಲೂ ಹಾಗೆ. "ಬಾಯಿ ಸುಳ್ಳ ಹೇಳತೈತಿ, ಕೈಗೆ ಅಷ್ಟು ಶಾಣ್ಯಾತನ ಇರೂದಿಲ್ಲ" ಎನ್ನುತ್ತಿದ್ದರು. ಐರೋಲಿಯ ಒಂದು ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ. ಅವರ ಗಂಡ, ನಾವು ಕಾಕಾ ಎನ್ನುತ್ತಿದ್ದವರು, ಥಾಣೆಯ ಒಂದು ಬ್ಯಾಂಕಿನ ಬಾಗಿಲಲ್ಲಿ ಗನ್‌ಮ್ಯಾನ್.

ಗನ್‌ಮ್ಯಾನ್ ಎಂದರೇನು ಎಂದು ಈ ಕಡೆಯವರಲ್ಲದವರಿಗೆ ಸ್ವಲ್ಪ ಹೇಳಬೇಕು. ಬಡಿಗೆ ಹಿಡಿದ ವಾಚ್‌ಮ್ಯಾನ್ ಯಾರು ಬೇಕಾದರೂ ಆಗಬಹುದು. ಬಂದೂಕು ಹಿಡಿದವನು ಬೇರೆ. ಸೆಕ್ಯೂರಿಟಿ ಏಜೆನ್ಸಿಯವರು ಬಂದೂಕು ಕೊಡುವುದಿಲ್ಲ, ತಂದವನನ್ನು ಇಟ್ಟುಕೊಳ್ಳುತ್ತಾರೆ. ಸ್ವಂತ ಬಂದೂಕು, ಸ್ವಂತ ಲೈಸನ್ಸ್ ಇದ್ದವನಿಗೆ ಆ ಕೆಲಸ, ಬಡಿಗೆಯವನಿಗಿಂತ ಒಳ್ಳೆಯ ಪಗಾರ. ಕಾಕಾನ ಬಂದೂಕು ಅವರಪ್ಪನದು. ಜೋಡು ನಳಿಗೆಯದು, ಮರದ ಹಿಡಿ ಕೈಯ ಬೆವರಿಗೆ ಕಪ್ಪಾಗಿತ್ತು. ಅಪ್ಪ ಬದುಕಿದ್ದಾಗಲೇ ಕಚೇರಿಗಳಿಗೆ ಅಲೆದು ತಮ್ಮ ಹೆಸರಿಗೆ ಮಾಡಿಸಿಕೊಂಡು, ಬೇರೆ ರಾಜ್ಯಕ್ಕೆ ಒಯ್ಯುವ ಅನುಮತಿ ಬರೆಸಿಕೊಂಡು, ಆಮೇಲೆ ರೈಲು ಹತ್ತಿದ್ದರಂತೆ. ಇಲ್ಲಿ ಇಳಿದ ಮೇಲೂ ಮೊದಲು ಹೋದದ್ದು ಖೋಲಿಗಲ್ಲ, ಪೊಲೀಸ್ ಚೌಕಿಗೆ. ಹೊಸ ವಿಳಾಸ ಬರೆಸಲು.

ಊಟಕ್ಕೆ ಕೂತಾಗ ಕಾಕಾ ಒಂದು ಮಾತು ಹೇಳುತ್ತಿದ್ದರು. ನಾನೇ ಎಷ್ಟೋ ಸಲ ಕೇಳಿದ್ದೇನೆ. "ನಾ ಸತ್ರ ಈ ಮನಿಯಿಂದ ಮೊದಲು ಬಂದೂಕು ಹೊರಗ ಹೋಗಬೇಕು, ಆಮ್ಯಾಲೆ ನಾನು." ಅವರ ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬನ ಮಗ, ಅಪ್ಪ ತೀರಿಕೊಂಡ ಮೇಲೆ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ಊರಿಗೆ ಒಯ್ಯುವಾಗ ಸಿಕ್ಕಿಬಿದ್ದು ಒಳಗೆ ಹೋಗಿದ್ದನಂತೆ. ಕದ್ದದ್ದಲ್ಲ, ಅಪ್ಪನದೇ. ಆದರೂ ಒಳಗೆ. ಕಾಕು ರೊಟ್ಟಿ ಹಾಕುತ್ತ, "ಉಣ್ಣುವಾಗ ಸಾಯೂ ಮಾತ ಆಡಬ್ಯಾಡ್ರಿ" ಎಂದು ಬೈಯುತ್ತಿದ್ದರು. ಬೈದರೂ ಮಾತು ಕಿವಿಗೆ ಹಾಕಿಕೊಂಡಿದ್ದರು.

ಕಾಕಾ ಹೋದದ್ದು ಒಂದು ರವಿವಾರ. ಸ್ನಾನ ಮಾಡಿ ಬಂದು ಗೋಡೆಗೆ ಒರಗಿ ಕೂತವರು ಏಳಲಿಲ್ಲ. ಡಾಕ್ಟರು ಬಂದು ನೋಡಿ ಹೋದರು. ಚಾಳಿಗೆ ಚಾಳೇ ನೆರೆಯಿತು. ಕಾಕಾನ ತಮ್ಮ ಬಸಪ್ಪ ಡೊಂಬಿವಿಲಿಯಲ್ಲಿ ಕಟ್ಟಡದ ಕೂಲಿಗಳ ಮುಕಾದಮ್, ಅವನು ತನ್ನವರನ್ನೆಲ್ಲ ಕರೆದುಕೊಂಡು ಬಂದ. ಅತ್ತು ಕರೆದು ಮುಗಿದ ಮೇಲೆ ಬಸಪ್ಪನ ಕಣ್ಣು ಗೋಡೆಯ ಮೇಲೆ ಹೋಯಿತು. ಬಂದೂಕು ಮೊಳೆಗೆ ತೂಗುಬಿದ್ದಿತ್ತು.

"ಮಂದಿ ಬಾಳ ಬರಾಕತ್ತಾರ. ಇದನ್ನ ತಗದು ನಮ್ಮ ಮನ್ಯಾಗ ಇಡ್ತೀನಿ. ಒಂದು ಚಾದರ ಕೊಡು ವೈನಿ" ಎಂದ.

ಕಾಕು ಗಂಡನ ತಲೆಯ ಹತ್ತಿರ ಕೂತಿದ್ದರು. ಎದ್ದು ಬಂದು ಬಂದೂಕಿನ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ಕೂತರು.

"ಯಾರೂ ಮುಟ್ಟಬ್ಯಾಡ್ರಿ. ಇದರ ಮಾಲಕ ಅಲ್ಲಿ ಮಲಗ್ಯಾನ. ಈಗ ಇದು ಯಾರದೂ ಅಲ್ಲ."

"ನಮ್ಮಪ್ಪನ ಬಂದೂಕು ಅದು!"

"ನಿಮ್ಮಪ್ಪನದೂ ಅಲ್ಲ ಈಗ."

ಆಮೇಲೆ ನನ್ನನ್ನು ಕರೆದರು. "ಸಿದ್ದಾ, ಚೌಕಿಗೆ ಓಡು. ಹಿಂಗಿಂಗ ಆಗೇತಿ, ಬಂದು ಬಂದೂಕು ಒಯ್ರಿ ಅನ್ನು."

ನಾನು ಓಡಿದೆ. ಚೌಕಿಯಲ್ಲಿ ಇದ್ದ ಸಾಹೇಬರು ಒಳ್ಳೆಯವರೇ, ಕೆಲಸದಲ್ಲಿ ಮುಳುಗಿದ್ದರು. "ವಾಯಿಟ್ ಝಾಲಂ. ಘೇಊನ್ ಯಾ ನಾ ಇಕಡೆ" ಎಂದರು. ಪಾಪ, ಕೆಟ್ಟದ್ದಾಯಿತು, ಇಲ್ಲಿಗೇ ತಂದುಬಿಡಿ ಎಂದು. ನನಗೂ ಸರಿ ಅನ್ನಿಸಿತು. ಅಪ್ಪನ ರಿಕ್ಷಾ ಮಗ ಓಡಿಸುವುದಿಲ್ಲವೇ? ನನ್ನ ಉಸ್ತಾದ ಸತ್ತ ಮೇಲೆ ಅವರ ಸುತ್ತಿಗೆ ನಾನು ತಂದುಕೊಂಡಿಲ್ಲವೇ? ಬಂದು ಹೇಳಿದೆ. ಕಾಕು ನನ್ನ ಕೈಯನ್ನೇ ನೋಡುತ್ತ ಕೇಳಿಸಿಕೊಂಡರು.

"ವಾಪಸ್ ಹೋಗಿ ಕೇಳು. ಯಾರ ಹೆಸರಲೆ ತರಬೇಕು? ದಾರ್ಯಾಗ ಯಾರರೆ ಹಿಡದ್ರ ನಾವು ಯಾರ ಫೋಟೋ ತೋರಸಬೇಕು?"

ಮತ್ತೆ ಓಡಿದೆ. ಸಾಹೇಬರು ಈ ಸಲ ಪೆನ್ನು ಕೆಳಗಿಟ್ಟರು. "ಬರೋಬರ್ ಆಹೆ ಬಾಈಂಚಂ" ಎಂದರು. ಆ ಹೆಂಗಸು ಹೇಳುವುದು ಸರಿಯಾಗಿದೆ ಎಂದು. ಒಬ್ಬ ಹವಾಲ್ದಾರರನ್ನು ನನ್ನ ಜೊತೆ ಮಾಡಿದರು.

ಇಷ್ಟರಲ್ಲಿ ಮನೆಯಲ್ಲಿ ಗುಸುಗುಸು ಶುರುವಾಗಿತ್ತು. "ಗಂಡನ ಹೆಣ ಬಿಟ್ಟು ಬಂದೂಕು ಕಾಯ್ತಾಳ ನೋಡು." "ಕಣ್ಣಾಗ ನೀರರೆ ಐತೇನು?" ಕಾಕುಗೆ ಕೇಳಿಸುತ್ತಿತ್ತು. ಕೂತ ಜಾಗ ಬಿಟ್ಟು ಅಲುಗಲಿಲ್ಲ. ಹವಾಲ್ದಾರರು ಬಂದು ಬಂದೂಕು ಇಳಿಸಿ, ನಡುವಿನ ಕೀಲಿನಲ್ಲಿ ಮಡಿಸಿ ತೆರೆದು, ನಳಿಗೆ ಖಾಲಿ ಇದೆಯೆಂದು ನೋಡಿ, ಕಾಡತೂಸುಗಳನ್ನು ಎಣಿಸಿ ಬರೆದುಕೊಂಡು, ಪಂಚರೆಂದು ನನ್ನದೂ ಇನ್ನೊಬ್ಬರದೂ ಸಹಿ ತೆಗೆದುಕೊಂಡು ಹೊರಟರು. ಅವರು ಗಲ್ಲಿ ದಾಟುವವರೆಗೂ ಕಾಕು ಹೊಸ್ತಿಲಲ್ಲಿ ನಿಂತಿದ್ದರು. ಆಮೇಲೆ ಒಳಗೆ ಬಂದು, "ಈಗ ಇವರನ್ನ ಎತ್ರಿ" ಎಂದರು. ಅಳಲು ಅವರಿಗೆ ಹೊತ್ತು ಸಿಕ್ಕಿರಲಿಲ್ಲ.

ದಿನಕರ್ಮ ಮುಗಿದ ವಾರವೇ ಏಜೆನ್ಸಿಯ ಸೂಪರ್‌ವೈಜರ್ ಬಂದ. ಚಹಾ ಕುಡಿದ. ಕಾಕಾನನ್ನು ಹೊಗಳಿದ. ಆಮೇಲೆ ವಿಷಯಕ್ಕೆ ಬಂದ. ಕಾಕಾನ ಜಾಗಕ್ಕೆ ಗನ್‌ಮ್ಯಾನ್ ಸಿಗುತ್ತಿಲ್ಲ. ಮನೆಯಲ್ಲಿ ಪ್ರಾಯದ ಮಗ ಇದ್ದಾನೆ. ಚೌಕಿಯಲ್ಲಿ ತನ್ನ ಗುರುತಿನವರಿದ್ದಾರೆ, ಬಂದೂಕು ಬಿಡಿಸಿಕೊಂಡು ಬಂದು ಮಗ ಸೋಮವಾರದಿಂದ ನಿಲ್ಲಲಿ.

"ಭಾಭೀ, ಡ್ರೆಸ್ ವಹೀ, ಗನ್ ವಹೀ, ಬಾಪ್ ಕಾ ಚೆಹರಾ ಭೀ ವಹೀ. ಕೌನ್ ದೇಖತಾ ಹೈ? ಪೇಪರ್ ಬಾದ್ ಮೇಂ ಹೋ ಜಾಯೇಗಾ." ಅದೇ ಡ್ರೆಸ್ಸು, ಅದೇ ಬಂದೂಕು, ಮುಖವೂ ಅಪ್ಪನದೇ, ಯಾರು ನೋಡುತ್ತಾರೆ, ಕಾಗದಪತ್ರ ಆಮೇಲೆ ಆಗುತ್ತದೆ ಎಂದು ಅವನ ಮಾತು.

ಮಗ ಮಲ್ಲು ಎದುರಿಗೇ ಕೂತಿದ್ದ. ಆಗ ಅವನಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಅವನ ಮೇಲೆ ಒಂದು ಕೇಸು ಇತ್ತು. ಕಳವಾ ಸ್ಟೇಶನ್ನಿನಲ್ಲಿ ಬೆಳಗಿನ ಲೋಕಲ್ ಹತ್ತುವುದು ಎಂಥ ಕುಸ್ತಿ ಎಂದು ಹತ್ತಿದವರಿಗೇ ಗೊತ್ತು. ಹಾಗೆ ಹತ್ತುವಾಗ ಹೊಡೆದಾಟವಾಗಿ ಒಬ್ಬನ ಹಲ್ಲು ಮುರಿದಿತ್ತು. ಕೋರ್ಟಿನಲ್ಲಿ ತಾರೀಖು ಬೀಳುತ್ತಿತ್ತು. ಕೇಸು ನಡೆಯುತ್ತಿರುವಾಗ ಅವನ ಹೆಸರಿಗೆ ಲೈಸನ್ಸ್ ಬರುವ ಮಾತು ದೂರ. ಲೈಸನ್ಸ್ ಇಲ್ಲದೆ ಬಂದೂಕು ಹಿಡಿದು ಸಿಕ್ಕರೆ, ಮುರಿದ ಹಲ್ಲಿನ ಕೇಸು ಆಟಿಕೆಯಂತೆ ಕಾಣುತ್ತಿತ್ತು. ಆದರೆ ಮಲ್ಲುಗೆ ಆಗ ಕಾಣುತ್ತಿದ್ದದ್ದು ಅಪ್ಪನ ಜಾಗ.

"ಅವ್ವಾ, ಅಪ್ಪನ ಬಂದೂಕು. ನಾನೇನು ಕದಿಯಾಕತ್ತೀನಾ?"

"ನಿಮ್ಮಪ್ಪನ ಚಪ್ಪಲಿ ಹಾಕ್ಕೊ, ಅಂಗಿ ಹಾಕ್ಕೊ. ಬಂದೂಕು ಮುಟ್ಟಿದ್ರ ನಿಮ್ಮಪ್ಪ ಬಂದು ಬಿಡಸೂದಿಲ್ಲ."

ಸೂಪರ್‌ವೈಜರ್ ನಕ್ಕ. "ಭಾಭೀ ಬಹುತ್ ಡರತೀ ಹೈ." ಬಹಳ ಹೆದರುತ್ತಾಳೆ ಎಂದು.

ಕಾಕುಗೆ ಹಿಂದಿ ಅಷ್ಟಕ್ಕಷ್ಟೇ. ಆದರೆ ಆ ದಿನ ನಮಗೆಲ್ಲ ತಿಳಿಯುವಂತೆ ಹೇಳಿದರು. "ಹಾಂ, ಡರತೀ. ತುಮ್ ಅಪನೇ ಬೇಟೇ ಕೋ ಖಡಾ ಕರೋ. ಮೈ ಚಾಯ್ ಲೇಕೆ ಆಯೇಗೀ." ಹೌದು, ಹೆದರುತ್ತೇನೆ, ನಿನ್ನ ಮಗನನ್ನು ಆ ಬಾಗಿಲಿಗೆ ನಿಲ್ಲಿಸು, ನಾನೇ ಅವನಿಗೆ ಚಹಾ ತಂದುಕೊಡುತ್ತೇನೆ.

ಅವನು ಕಪ್ಪು ಕೆಳಗಿಟ್ಟು ಹೋದ. ಮಲ್ಲು ಕೂಡ ಆ ತಿಂಗಳೇ ಮನೆ ಬಿಟ್ಟ. ಐರೋಲಿಯಲ್ಲಿ ಗೆಳೆಯರ ಜೊತೆ ಖೋಲಿ ಮಾಡಿ, ಒಂದು ಐಟಿ ಕಟ್ಟಡದ ಹೌಸ್‌ಕೀಪಿಂಗ್‌ಗೆ ಸೇರಿದ. ನನ್ನ ಅಂಗಡಿಗೆ ಬಂದು, "ಅವ್ವಗ ನನ್ನ ಮ್ಯಾಲ ನಂಬಿಗಿ ಇಲ್ಲ. ಕೇಸಿನವ ಅಂತ ತಿಳದಾಳ" ಎಂದು ಅಂದು ಹೋದ. ಕಾಕುಗೆ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೊರಗ ಅದಾನಲ್ಲ. ಸಿಟ್ಟಿನ ಮಗ ಹೊರಗ ಇರೂದು ಚಲೋ, ಶಾಣ್ಯಾ ಮಗ ಒಳಗ ಇರೂದಕ್ಕಿಂತ" ಎಂದರು. ಹಟಮಾರಿ ಹೆಂಗಸು. ಅವರೇ ಒಂದು ಸಲ ಐರೋಲಿಗೆ ಹೋಗಿ ಮಗನನ್ನು ಕರೆದಿದ್ದರೆ ಬರುತ್ತಿದ್ದ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಅದೇ ಊರಿಗೆ ದಿನಾ ಕೆಲಸಕ್ಕೆ ಹೋಗುತ್ತಿದ್ದರು. ಕರೆಯಲಿಲ್ಲ.

ಬದಲಿಗೆ ಲೈಸನ್ಸಿಗೆ ತಾವೇ ಅರ್ಜಿ ಹಾಕಿದರು.

ಬಸಪ್ಪ ಕುಣಿದಾಡಿದ. "ಹೆಣ್ಮಗಳ ಕೈಯಾಗ ನಮ್ಮಪ್ಪನ ಬಂದೂಕಾ?" ವಾರಸುದಾರರೆಲ್ಲ ತಕರಾರಿಲ್ಲ ಎಂದು ಬರೆದುಕೊಡಬೇಕಿತ್ತು. ಮಲ್ಲುವಿನ ಸಹಿ ನಾನು ಐರೋಲಿಗೆ ಹೋಗಿ ತಂದಿದ್ದೆ, ಉಳಿದದ್ದು ಬಸಪ್ಪನದು, ಅವನಿಗೆ ಅದು ಗೊತ್ತಿತ್ತು. ಕಾಕು ಅವನನ್ನು ಊಟಕ್ಕೆ ಕರೆದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ತಾಟಿನ ಮುಂದೆ ಕೂರಿಸಿ ಹೇಳಿದರು, "ನೀನ ತಗೊ ಬಸಪ್ಪಾ. ನಾ ಬರಕೊಡ್ತೀನಿ. ನಿನ್ನ ಮನಿಗೆ ಪೊಲೀಸ್ರು ಬಂದು ಚೌಕಶಿ ಮಾಡ್ತಾರ, ಕೆಲಸದ ಜಾಗಾಕ್ಕೂ ಬರ್ತಾರ. ನಿನ್ನ ಆಳು ಎಲ್ಲೆಲ್ಲಿಯವರು, ಎಲ್ಲಿ ಮಲಗ್ತಾರ, ಎಲ್ಲಾ ಕೇಳ್ತಾರ. ಕೇಳಲಿ ಬಿಡು, ನಿನಗೇನು?" ಬಸಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಎಲ್ಲಿ ಸಹಿ ಮಾಡೂದು?" ಎಂದ.

ಕಚೇರಿಯಲ್ಲಿ ಕೇಳಿದರಂತೆ, "ಮಾವಶೀ, ಬಂದೂಕ್ ಕಶಾಲಾ ಪಾಹಿಜೇ?" ಬಂದೂಕು ನಿನಗೇತಕ್ಕೆ ಬೇಕು? ಕಾಕು ಮರಾಠಿಯಲ್ಲಿ ಒಂದೇ ಮಾತು ಹೇಳಿದ್ದರು: ಗಂಡ ಅದರ ಮೇಲೆ ಮನೆ ನಡೆಸಿದ, ನಾನೂ ನಡೆಸುತ್ತೇನೆ. ಕೇಳಿದವರು ಅರ್ಜಿ ತೆಗೆದುಕೊಂಡರು. ಡಾಕ್ಟರ ಸರ್ಟಿಫಿಕೇಟು ಆಯಿತು. ಬಂದೂಕು ಹಿಡಿಯುವ ತರಬೇತಿಗೆ ಒಂದು ಕ್ಲಬ್ಬಿಗೆ ಹೋದರು. ಅಲ್ಲಿ ದೊಡ್ಡ ಮನೆಯ ಹುಡುಗರು, ಕಿವಿಗೆ ಮುಚ್ಚಳ, ಕಣ್ಣಿಗೆ ಹಳದಿ ಕನ್ನಡಕ. ಮೊದಲ ದಿನ ಬಂದೂಕು ಭುಜಕ್ಕೆ ಒದ್ದು ನೀಲಿಗಟ್ಟಿತ್ತು. ಅರಿಶಿನ ಹಚ್ಚಿಕೊಂಡು ಕೂತವರನ್ನು, "ಹೆಂಗಿತ್ತು ಕಾಕು?" ಎಂದು ಕೇಳಿದೆ. "ನಿಮ್ಮ ಕಾಕಾ ಇಷ್ಟ ವರ್ಷ ಇದರ ಒದಿ ತಿಂದಾರ, ನನಗ ಒಂದಿನಾನೂ ಹೇಳಲಿಲ್ಲ ನೋಡು" ಎಂದರು. ಗಂಡನ ಬಗ್ಗೆ ಅವರು ದುಃಖದಿಂದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಪೆಟ್ಟಿಗೆಯ ಪ್ರಕರಣ ಆಗಲೇ. ಬಂದೂಕು ಮನೆಗೆ ಬರುವುದಾದರೆ ಇನ್ನು ಮೊಳೆಗೆ ತೂಗುಹಾಕುವಂತಿಲ್ಲ, ಭದ್ರವಾಗಿ ಬೀಗದಲ್ಲಿರಬೇಕು, ನೋಡಲು ಬರುತ್ತಾರೆ. ನಾನು ದಪ್ಪ ಹಾಳೆ ಬಗ್ಗಿಸಿ, ಒಳ್ಳೆಯ ಕೊಂಡಿ ಹಾಕಿ, ಬೂದು ಬಣ್ಣ ಬಳಿದು ಒಯ್ದೆ. ಕಾಕು ಒಂದು ಸುತ್ತು ಹಾಕಿ, ಅಡಿಗೆಮನೆಯ ಚಮಚ ತಂದು ಕೊಂಡಿಯ ಸ್ಕ್ರೂ ತಿರುಗಿಸಿ ಬಿಚ್ಚಿ ನನ್ನ ಕೈಗಿಟ್ಟರು. "ಇದು ಡಬ್ಬಿ ಆತು, ಪೆಟ್ಟಿಗಿ ಆಗಲಿಲ್ಲ." ಎರಡನೆಯ ಸಲ ಕೊಂಡಿಯನ್ನು ಒಳಗಿನಿಂದ ವೆಲ್ಡ್ ಮಾಡಿ ತಂದೆ. "ಕಾಡತೂಸು ಎಲ್ಲಿ? ಬಂದೂಕು, ಕಾಡತೂಸು ಒಂದ ಬೀಗದಾಗ ಇಟ್ರ ಎರಡೂ ಮಾತಾಡಿಕೊಂತಾವ." ನನಗೆ ಸಿಟ್ಟು ಬಂತು. ನನ್ನ ಕೆಲಸ ಹೊತ್ತುಕೊಂಡು ವಾಪಸು ನಡೆದದ್ದನ್ನು ಗಲ್ಲಿಗೆ ಗಲ್ಲಿಯೇ ನೋಡಿತು. ಮೂರನೆಯದರಲ್ಲಿ ಕೆಳಗೆ ಬೇರೆ ಖಾನೆ, ಬೇರೆ ಬೀಗ, ಗೋಡೆಯೊಳಗೆ ಹೋಗುವ ನಾಲ್ಕು ಬೋಲ್ಟು, ಅವುಗಳ ತಲೆ ಪೆಟ್ಟಿಗೆಯ ಒಳಗೆ. ಕಾಕು ಚಮಚ ಹಿಡಿದು ಸುತ್ತ ನೋಡಿದರು. ಎಲ್ಲೂ ಹಾಕಲು ಜಾಗ ಸಿಗಲಿಲ್ಲ. "ಹೂಂ" ಎಂದರು. ಅಷ್ಟೇ. ಅವರ ಬಾಯಿಂದ ಹೊಗಳಿಕೆ ಅಂತ ಬಂದದ್ದು ಅದೇ ಹೂಂ, ನಾನು ಅದನ್ನು ಇವತ್ತಿಗೂ ಕಾಪಾಡಿಕೊಂಡು ಬಂದಿದ್ದೇನೆ.

ಬಹಳ ಕಾಲ ಹಿಡಿಯಿತು, ಆದರೆ ಲೈಸನ್ಸ್ ಬಂತು, ಕಾಕುವಿನ ಫೋಟೋ ಇದ್ದ ಲೈಸನ್ಸ್. ವರ್ತಕ ನಗರದ ಒಂದು ಸಣ್ಣ ಪತಪೇಢಿ, ಎಂದರೆ ಹೆಂಗಸರೇ ಸೇರಿ ನಡೆಸುವ ಸಹಕಾರಿ ಸಂಘ, ಅವರನ್ನು ಬಾಗಿಲಿಗೆ ಇಟ್ಟುಕೊಂಡಿತು. ಮೊದಲ ದಿನ ಖಾಕಿ ಪ್ಯಾಂಟು, ಶರ್ಟು, ಹೆಗಲಿಗೆ ಚೀಲದಲ್ಲಿ ಬಂದೂಕು ಹಾಕಿಕೊಂಡು ಖೋಲಿಯಿಂದ ಹೊರಬಿದ್ದಾಗ, ಗಲ್ಲಿಯ ಎರಡೂ ಕಡೆ ಜನ. ಕಾಕು ನಿಂತರು. "ನೋಡ್ರಿ, ಬರೋಬ್ಬರಿ ನೋಡ್ರಿ. ನಾಳಿಯಿಂದ ನನಗ ನಿಲ್ಲಾಕ ಪುರಸೊತ್ತ ಇರೂದಿಲ್ಲ" ಎಂದು ಹೇಳಿ ನಡೆದರು.

ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲೂ ಅವರ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಒಮ್ಮೆ ನಾನು ಅದೇ ಬಸ್ಸು ಹತ್ತಿದೆ. "ಬಾ, ಕೂಡು. ಇದು ಕಡಿಯೂದಿಲ್ಲ, ನಾ ಕಡೀತೀನಿ" ಎಂದರು. ಸಂಜೆ ಮನೆಗೆ ಬಂದರೆ ನೇರ ಒಳಗೆ ಹೋಗುತ್ತಿರಲಿಲ್ಲ. ಹೊಸ್ತಿಲ ಹೊರಗೆ ನಿಂತು, ಬಂದೂಕು ಮಡಿಸಿ, ಎರಡೂ ನಳಿಗೆಯಲ್ಲಿ ಕಣ್ಣಿಟ್ಟು ಬೀದಿಯ ದೀಪವನ್ನು ನೋಡುತ್ತಿದ್ದರು. ಖಾಲಿ ಎಂದು ಖಾತ್ರಿಯಾದ ಮೇಲೆ ಒಳಗೆ. ಚಾಳಿನ ಹೆಂಗಸರು, "ಕಾಕು ಚಂದ್ರನ್ನ ನೋಡಿ ಉಪಾಸ ಬಿಡ್ತಾಳ" ಎಂದು ನಗುತ್ತಿದ್ದರು.

ಬಸಪ್ಪನ ಮಗನ ಮದುವೆ ಡೊಂಬಿವಿಲಿಯ ಹಾಲಿನಲ್ಲಿ ಆಯಿತು. ಮೆರವಣಿಗೆಯಲ್ಲಿ ಕುಣಿಯುತ್ತಿದ್ದ ಬೀಗರಲ್ಲೊಬ್ಬ ಮೀಸೆ ತಿರುವುತ್ತ ಬಂದ. "ಕಾಕು, ಬಂದೂಕು ಎಲ್ಲಿ? ಒಂದೆರಡು ಢಂ ಅನಸ್ರಲಾ! ವರನ ಮನಿತನಾ ಗೊತ್ತಾಗಲಿ."

"ಮನ್ಯಾಗ ಮಲಗೇತಿ."

"ಅಯ್ಯ, ಮದುವಿಗೆ ತರೂದಿಲ್ಲೇನು?"

"ಲೈಸನ್ಸ್ ನನ್ನ ಜೀವಾ ಕಾಯಾಕ ಕೊಟ್ಟಾರ, ನಿನ್ನ ಮೀಸಿ ತಿರುವಾಕ ಕೊಟ್ಟಿಲ್ಲ. ಢಂ ಬೇಕಾದ್ರ ಆ ಹಲಗಿಯವನ್ನ ಕೇಳು, ಚಂದ ಬಾರಸ್ತಾನ."

ಇಡೀ ಮೆರವಣಿಗೆ ನಕ್ಕಿತು. ಬೀಗ ಊಟದ ತನಕ ಕಾಣಿಸಲಿಲ್ಲ.

ಇಷ್ಟೆಲ್ಲ ಹೊಗಳುತ್ತಿದ್ದೇನೆ ಎಂದು ಅವರ ಜೊತೆ ಬದುಕುವುದು ಸುಲಭ ಎಂದುಕೊಳ್ಳಬಾರದು. ನೀರಿನ ಸರದಿಯಲ್ಲಿ ಒಂದು ಕೊಡ ಹೆಚ್ಚು ಹಿಡಿದವರನ್ನು ವರ್ಷಗಟ್ಟಲೆ ನೆನಪಿಟ್ಟು ಚುಚ್ಚುತ್ತಿದ್ದರು. ಗಣಪತಿಗೆ ಪಟ್ಟಿ ಎತ್ತಲು ಬಂದ ಹುಡುಗರು ಅವರ ಬಾಗಿಲು ಬಿಟ್ಟು ಮುಂದೆ ಹೋಗುತ್ತಿದ್ದರು. ಗಂಡ ಹೋದ ದಿನ ಗುಸುಗುಸು ಮಾಡಿದ ಹೆಂಗಸರ ಮನೆಯ ಯಾವ ಸಮಾರಂಭಕ್ಕೂ ಕೊನೆಯವರೆಗೆ ಹೆಜ್ಜೆ ಇಡಲಿಲ್ಲ.

ಮಲ್ಲು ವಾಪಸು ಬಂದದ್ದು ಒಂದು ಚುನಾವಣೆಯ ಕಾಲದಲ್ಲಿ. ಅದೇ ಸೂಪರ್‌ವೈಜರ್ ಬೇರೊಂದು ಮನೆಯ ಹುಡುಗನನ್ನು ತೀರಿಕೊಂಡ ಅಪ್ಪನ ಬಂದೂಕು ಕೊಟ್ಟು ನಿಲ್ಲಿಸಿದ್ದ. ಕಾಗದಪತ್ರ ಆಮೇಲೆ ಆಗುವುದಿತ್ತು. ಚುನಾವಣೆ ಎಂದು ನಾಕಾಬಂದಿ ಬಿಗಿಯಾಗಿತ್ತು, ಕೆಲಸಕ್ಕೆ ಹೋಗುವ ದಾರಿಯಲ್ಲೇ ಹುಡುಗ ಸಿಕ್ಕ. ಡ್ರೆಸ್ಸು ಸರಿಯಾಗಿತ್ತು, ಲೈಸನ್ಸಿನ ಫೋಟೋದಲ್ಲಿ ಅಪ್ಪನಿದ್ದ. ಮಲ್ಲುಗೆ ಆ ಹುಡುಗ ಪರಿಚಯ. ಸುದ್ದಿ ತಿಳಿದ ಸಂಜೆ ಬ್ಯಾಗು ಹಿಡಿದು ಅವ್ವನ ಬಾಗಿಲಿಗೆ ಬಂದು ನಿಂತ. ನಾನು ಎದುರುಗಡೆ ಕಿಟಕಿಗೆ ಜಾಳಿಗೆ ಕೂರಿಸುತ್ತಿದ್ದೆ. ಇಬ್ಬರೂ ಏನು ಮಾತಾಡುತ್ತಾರೋ ಎಂದು ಕಿವಿ ಅಲ್ಲೇ ಇಟ್ಟಿದ್ದೆ.

"ಊಟಕ್ಕ ಏನೈತಿ?" ಎಂದ ಮಲ್ಲು.

"ಪುಂಡಿಪಲ್ಲೆ. ಕೈಕಾಲು ತೊಳ್ಕೊ" ಎಂದರು ಕಾಕು.

ಅಷ್ಟೇ. ಆ ಹುಡುಗನ ಹೆಸರನ್ನು ಅವರು ಮಗನ ಮುಂದೆ ಎತ್ತಲೇ ಇಲ್ಲ. ಮರುದಿನ ಮಾತ್ರ ಆ ಹುಡುಗನ ತಾಯಿಯ ಮನೆ ಹುಡುಕಿಕೊಂಡು ಹೋಗಿ, ವಕೀಲರ ಹತ್ತಿರ ಕರೆದುಕೊಂಡು ಹೋದರು. ಇದು ನನಗೆ ಆ ತಾಯಿಯಿಂದಲೇ ತಿಳಿದದ್ದು, ಕಾಕು ಹೇಳಿದ್ದಲ್ಲ.

ಮುಂದೆ ಮಲ್ಲುವಿನ ಕೇಸು ರಾಜಿಯಲ್ಲಿ ಮುಗಿಯಿತು. ಮದುವೆಯಾಯಿತು. ಕಾಕು ಕೆಲಸ ಬಿಟ್ಟರು. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಏದುಸಿರು ಹತ್ತತೊಡಗಿತು. ಹೃದಯ ದೊಡ್ಡದಾಗಿದೆ ಎಂದರು ಡಾಕ್ಟರು. ನಾಲ್ಕು ಹೆಜ್ಜೆಗೆ ನಿಲ್ಲಬೇಕು, ನಾಲ್ಕು ಮಾತಿಗೆ ನಿಲ್ಲಬೇಕು. ಒಂದು ಬೆಳಿಗ್ಗೆ ಅಂಗಡಿಗೆ ಫೋನ್ ಬಂತು. "ಸಿದ್ದಾ, ಕೈ ತೊಳಕೊಂಡು ಬಾ. ನನ್ನ ಜೋಡಿ ಚೌಕಿತನಕ ನಡಿ."

ಹೋದೆ. ಪೆಟ್ಟಿಗೆ ತೆರೆದಿತ್ತು. ಬಂದೂಕು ಚೀಲದಲ್ಲಿತ್ತು. ಕಾಡತೂಸು ಇನ್ನೊಂದು ಚೀಲದಲ್ಲಿ. ಕಾಕು ಇಲಕಲ್ ಸೀರೆ ಉಟ್ಟು ಸಿದ್ಧವಾಗಿ ಕೂತಿದ್ದರು.

"ಮಲ್ಲು ಎಲ್ಲಿ?"

"ಕೆಲಸಕ್ಕ. ಅವ ಇಲ್ಲದ್ದ ನೋಡೇ ಕರದೀನಿ. ಅವ ಇದ್ರ ಕೈ ಹಾಕೇ ಹಾಕ್ತಾನ. ಅವ್ವ ಹೊರೂದು ನೋಡ್ಕೋತ ನಿಂದ್ರತಾನೇನು? ಮಗಾ ಅಲ್ಲ?" ಸ್ವಲ್ಪ ಉಸಿರು ತೆಗೆದುಕೊಂಡು, "ನಾ ಇದ್ದಾಗ ಇದನ್ನ ಒಯ್ಯಾಕ ನಾ ಒಬ್ಬಾಕಿ ಅದೀನಿ. ನಾ ಹೋದಿಂದ ಯಾರೂ ಇಲ್ಲ. ಇನ್ನೊಂದು ಸಲ ಈ ಮನ್ಯಾಗ ಯಾರೂ ಗ್ವಾಡಿ ಕಾಯೂದು ಬ್ಯಾಡ. ಬೇಕಾದ್ರ ಮುಂದ ಅವನೇ ಅರ್ಜಿ ಹಾಕಿ ಅಲ್ಲಿಂದ ತರಲಿ. ಬ್ಯಾಡಾದ್ರ ಬಿಡಲಿ."

ನಮ್ಮ ಗಲ್ಲಿಯೊಳಗೆ ರಿಕ್ಷಾ ಬರುವುದಿಲ್ಲ. ಗಟಾರಕ್ಕೆಂದು ರಸ್ತೆಯನ್ನೂ ಅಗೆದಿದ್ದರು. ಚೌಕಿ ರೇಲ್ವೆ ಹಳಿಯ ಆಚೆ. ಜಿನೆ, ಎಂದರೆ ಮೆಟ್ಟಿಲು, ಹತ್ತಿ ಸೇತುವೆ ದಾಟಿ ಇಳಿಯಬೇಕು. ನಾನು ಅಭ್ಯಾಸಬಲದಿಂದ ಚೀಲಕ್ಕೆ ಕೈ ಚಾಚಿದೆ. ಕಾಕು ನನ್ನ ಕೈಯ ಮೇಲೆ ಹೊಡೆದರು.

"ನಿನ್ನ ಕೈಗೆ ಲೈಸನ್ಸ್ ಐತೇನು? ನೀ ನೀರಿನ ಬಾಟಲಿ ಹಿಡ್ಕೊ."

ಹಾಗೆ ಹೊರಟೆವು. ಅವರ ಹೆಗಲ ಮೇಲೆ ಬಂದೂಕು, ಕೈಯಲ್ಲಿ ಕಾಡತೂಸಿನ ಚೀಲ. ನನ್ನ ಕೈಯಲ್ಲಿ ನೀರಿನ ಬಾಟಲಿ. ಈ ತೋಳಲ್ಲಿ ನಾನು ಗರ್ಡರ್ ಎತ್ತಿದ್ದೇನೆ, ಒಬ್ಬನೇ ಗೇಟು ಹೊತ್ತು ಮೂರನೆಯ ಮಾಳಿಗೆ ಹತ್ತಿದ್ದೇನೆ. ಕಾಕು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತರು, ಎದ್ದರು. ಚಪ್ಪಲಿ ರಿಪೇರಿಯವನ ಹತ್ತಿರ ಕೂತರು, ಎದ್ದರು. ಸೇತುವೆಯ ಜಿನೆಯಲ್ಲಿ ಕಟಕಟೆ ಹಿಡಿದು ಒಂದೊಂದೇ ಮೆಟ್ಟಿಲು. ಬೆವರು ಕುತ್ತಿಗೆಯಿಂದ ಇಳಿದು ಕುಪ್ಪಸ ಒದ್ದೆಯಾಗಿತ್ತು. ನಾನು ಒಂದು ಮೆಟ್ಟಿಲು ಹಿಂದೆ, ಬಿದ್ದರೆ ಹಿಡಿಯಬೇಕೆಂದು ಕೈ ಅಗಲಿಸಿಕೊಂಡು.

ಸೇತುವೆಯ ಮೇಲೆ ಸೊಪ್ಪು ಮಾರುವ ಒಬ್ಬ ಹೆಂಗಸು ನೋಡುತ್ತಲೇ ಇದ್ದಳು. ತಡೆಯಲಾರದೆ ಕೂಗಿದಳು, "ಕ್ಯಾ ಭಾಯಿ! ಬುಢ್ಢೀ ಉಠಾ ರಹೀ ಹೈ, ತುಮ್ ಹೀರೋ ಬನಕೇ ಚಲ್ ರಹೇ ಹೋ? ಶರಮ್ ನಹೀಂ ಆತೀ?" ಮುದುಕಿಯ ಕೈಯಲ್ಲಿ ಹೊರಿಸಿ ನೀನು ಹೀರೋನಂತೆ ನಡೆಯುತ್ತೀಯಲ್ಲ, ನಾಚಿಕೆಯಿಲ್ಲವಾ?

ಸುತ್ತಲಿನ ಜನ ನನ್ನತ್ತ ನೋಡಿದರು. ಯಾರ ಮಾತನ್ನೂ ತಿರುಗಿಸದೆ ಬಿಟ್ಟವನಲ್ಲ ನಾನು. ಆದರೆ ಏನು ಹೇಳಲಿ? ಚೀಲದಲ್ಲಿ ಏನಿದೆ ಎಂದು ಸೇತುವೆಯ ಮೇಲೆ ಕೂಗಿ ಹೇಳಲೇ? ತಲೆ ತಗ್ಗಿಸಿದೆ. ಕಾಕು ಕಟಕಟೆಗೆ ಒರಗಿ ಉಸಿರು ತೆಗೆದುಕೊಳ್ಳುತ್ತಿದ್ದವರು, ಆ ಉಸಿರಿನಲ್ಲೇ ನಕ್ಕರು. "ಬೈಲಿ ಬಿಡು. ನಾ ಒಬ್ಬಾಕಿನ ಎಷ್ಟ ವರ್ಷ ಬೈಸಿಕೊಳ್ಳಲಿ, ಇವತ್ತೊಂದಿನ ನೀನೂ ಬೈಸಿಕೊ."

ಚೌಕಿಯಲ್ಲಿ ಬೇರೆ ಸಾಹೇಬರಿದ್ದರು. ಕುರ್ಚಿ ಹಾಕಿಸಿದರು. ಕಾಕು ಕೂರುವ ಮೊದಲು ಬಂದೂಕು ಚೀಲದಿಂದ ತೆಗೆದು, ಮಡಿಸಿ, ಎರಡೂ ನಳಿಗೆಗೆ ಕಣ್ಣಿಟ್ಟು ಕಿಟಕಿಯ ಬೆಳಕು ನೋಡಿದರು. ಮೇಜಿನ ಮೇಲಿಟ್ಟರು. ಬರೆಯುವುದು, ಸಹಿ, ಪಾವತಿ ಎಲ್ಲ ಮುಗಿಯಿತು. ಬಂದೂಕನ್ನು ಒಳಗಿನ ಕೋಣೆಗೆ ಒಯ್ಯುವಾಗ ಅವರು ಅದನ್ನು ನೋಡಲಿಲ್ಲ. ಒಯ್ಯುವವನ ಕೈಯನ್ನು ನೋಡಿದರು. ಸರಿಯಾಗಿ ಹಿಡಿದಿದ್ದಾನೆ ಎನ್ನಿಸಿರಬೇಕು. "ಹೂಂ" ಎಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ಬರಿಗೈಯನ್ನು ಸೀರೆಗೆ ಒರೆಸಿಕೊಂಡರು. ಆಮೇಲೆ ತೋಳನ್ನು ನನ್ನ ಕಡೆಗೆ ಚಾಚಿದರು.

"ಈಗ ಹಿಡ್ಕೊ, ಎಷ್ಟ ಬೇಕು ಅಷ್ಟ ಹಿಡ್ಕೊ. ನನ್ನ ಹಿಡಿಯಾಕ ಲೈಸನ್ಸ್ ಬೇಕಾಗಿಲ್ಲ."

ಸೇತುವೆಯ ಮೇಲೆ ಅವರನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ತಂದೆ. ಸೊಪ್ಪಿನ ಹೆಂಗಸು ನೋಡಿ, "ಅಬ್ ಆಯಾ ಅಕಲ್" ಎಂದಳು. ಈಗ ಬುದ್ಧಿ ಬಂತು ಎಂದು. ಕಾಕು ಅವಳಿಂದ ಒಂದು ಕಟ್ಟು ಮೆಂತ್ಯ ಕೊಂಡರು, ಬಾಡಿದ್ದೆಂದು ಚೌಕಾಶಿಯನ್ನೂ ಮಾಡಿದರು.

ಅವರು ಹೋದ ದಿನ ಮತ್ತೆ ಚಾಳಿಗೆ ಚಾಳೇ ನೆರೆಯಿತು. ಬಸಪ್ಪ ಬಂದ, ಅಂದು ಗುಸುಗುಸು ಮಾಡಿದ ಹೆಂಗಸರೂ ಬಂದರು. ಯಾರೂ ಗೋಡೆಯತ್ತ ಕಣ್ಣು ಹಾಯಿಸಲಿಲ್ಲ, ಯಾರೂ ಚೌಕಿಗೆ ಓಡಲಿಲ್ಲ. ಆ ಮನೆಯಲ್ಲಿ ಅಂದು ಅಳುವುದೊಂದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ಮಲ್ಲು ನಾನು ಮಾಡಿದ ಆ ಖಾಲಿ ಪೆಟ್ಟಿಗೆಗೆ ಬೆನ್ನು ಕೊಟ್ಟು, ಅಪ್ಪ ಹೋದ ದಿನ ಅವ್ವ ಕೂತಿದ್ದ ಜಾಗದಲ್ಲೇ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹೊಟ್ಟೆತುಂಬ ಅತ್ತ.